ರೇಡಿಯೊ ಜರುಗಿಸಬ್ಯಾಡಿ

...ಬ್ಯಾಡಿ ಬುದ್ಧಿ, ಕೈ ಮುಗೀತೀನಿ, ರೇಡಿಯೊ ಅಲ್ಲೇ ಇರ್ಲಿ. ಜರುಗಿಸಬ್ಯಾಡಿ. ಗುಂಯ್ ಅಂತದೆ, ದಿಟ. ಶೇಕದಾರ್ರು ನೀವು, ಸರ್ಕಾರದ ಲೆವಿ ರಾಗಿ ವಸೂಲಿ ಅಂತ ಬೆಳಗ್ಗಿಂದ ಮಿರ್ಲೆ ಊರೆಲ್ಲ ಸುತ್ತಿದೀರಿ. ನಮ್ಮನೇನೂ ತಡಕಾಡಿದ್ರಿ. ಈ ಅಂಕಯ್ಯ ಒಂದ್ ಸೇರೂ ಬಚ್ಚಿಟ್ಟಿಲ್ಲ ಅಂತ ಗೊತ್ತಾಯ್ತಲ್ಲ. ಒಂದ್ ಹಾಡು ಕೇಳ್ಕಂಡು ಹೋಗಾನ ಅಂತ ಕುಂತ್ರೆ ಈ ಪೆಟ್ಟಿಗೆ ನೋಡಿ, ಇಂಗೆ ಕೂಗ್ತದೆ.

ಒಳಗೆ ಗಾಜಿನ ಬಲ್ಬುಗಳವೆ ಬುದ್ಧಿ. ಅದರೊಳಗಿನ ತಂತಿ ಬಲು ನಾಜೂಕು. ಹಾಡು ಜೋರಾದ್ರೆ ನೆಲ ಅದುರ್ತದೆ, ನೆಲ ಅದುರಿದ್ರೆ ಆ ತಂತಿ ಅದುರ್ತದೆ, ಆಮೇಲೆ ಹಾಡೆಲ್ಲ ಹೋಗಿ ಬರೀ ಗುಂಯ್. ತಮ್ಮ ನಂಜಣ್ಣ ಮೈಸೂರಿಂದ ತಂದ್ಕೊಟ್ಟಾಗ್ಲೇ ಏಳಿದ್ದ, ಅಣ್ಣೋ, ಮೆತ್ತಗಿರೋದ್ರ ಮೇಲೆ ಮಡಗು ಅಂತ. ಮಡಗಿವ್ನಿ ನೋಡಿ. ಕೆಳಗೆ ಗೋಣಿ, ಮೇಲೆ ಕಂಬಳಿ, ಮೂಲೆಮೂಲೆಗೂ ಸೈಕಲ್ ಟ್ಯೂಬಿನ ತುಂಡು. ತಡೀರಿ, ಈ ದಿಂಬನ್ನೂ ತುರುಕ್ತೀನಿ... ಏ ಪುಟ್ಲಕ್ಷ್ಮೀ, ಮೆಲ್ಲಗೆ ನಡಿಯೇ, ನೆಲ ಅದುರ್ತದೆ.

ಯಾಕೆ ಬುದ್ಧಿ ನಗ್ತೀರಿ? ಮಣ್ಣಿನ ನೆಲ ಎಂಗೆ ಅದುರ್ತದೆ ಅಂತಲಾ? ಅದು... ಇಲಿ ಬಿಲ ತೋಡವೆ.

ಗೋಡೆ ಗೂಡಲ್ಲಿ ಇಡಬೌದು. ಆದ್ರೆ ಏರಿಯಲ್ ತಂತಿ ಅಲ್ಲಿಗಂಟ ಎಟಕಾಕಿಲ್ಲ. ಎಟಕ್ತದಾ? ಎಳೆದು ನೋಡೇ ಬುಟ್ರಾ... ಬ್ಯಾಟ್ರಿ ಬಲು ಭಾರ ಬುದ್ಧಿ, ಗೂಡು ಕುಸೀತದೆ. ಅವಳಾ? ನನ್ನೆಂಡ್ರು ಪುಟ್ಲಕ್ಷ್ಮಿ ಬುದ್ಧಿ, ಅಳ್ತಿಲ್ಲ ಬುಡಿ. ಒಲೆ ಹೊಗೆ.

ಒಲೆ ಹಚ್ಚೇ ಇಲ್ಲ, ಸರಿ. ಹಚ್ಚಿಲ್ಲ.

ಬೆತ್ತ ಯಾಕೆ ತಗಂಡ್ರಿ? ಅಲ್ಲಿ ನೆಲ ಕುಟ್ಟಬ್ಯಾಡಿ. ಬಲ್ಬು ಒಡೆದೋಯ್ತದೆ ಬುದ್ಧಿ, ಆ ಬಲ್ಬು ಈ ಸೀಮೇಲೆ ಸಿಗಾಕಿಲ್ಲ. ಇನ್ನೊಂದ್ ದಪ ಯಾಕೆ ಕುಟ್ಟಿದ್ರಿ... ಟೊಳ್ಳು ಸದ್ದು ನಿಮ್ಗೂ ಕೇಳ್ತಲ್ಲ.

ಏನಾರ ಅನ್ನಿ. ಬಯ್ಯಿರಿ ಬೇಕಾದ್ರೆ. ರೇಡಿಯೊ ಎತ್ತಬ್ಯಾಡಿ, ದಿಟ ಏಳ್ತೀನಿ.

ಊಂ... ಹಗೇವು ಅದೆ. ನಮ್ಮಪ್ಪನ ಕಾಲದಲ್ಲಿ ರಾಗಿ ತುಂಬಾಕೆ ನೆಲದಡಿ ತೋಡಿದ್ದು. ಅದರ ಬಾಯಿ ಮೇಲೇ ರೇಡಿಯೊ ಕೂರ್ಸಿವ್ನಿ. ಇಷ್ಟು ನಾಜೂಕಿನ ಪೆಟ್ಟಿಗೆಗೆ ಯಾರು ಕೈ ಹಚ್ತಾರೆ ಅಂದ್ಕಂಡೆ. ರಾಗಿನೂ ಅದೆ ಬುದ್ಧಿ, ಇನ್ನ ಸುಳ್ಳೇಳಾಕಿಲ್ಲ. ತಳದಲ್ಲಿ ಒಂದೀಟದೆ. ಹೊಸ ರಾಗಿ ಕಣಕ್ಕೆ ಬರೋಗಂಟ ಈ ಮಕ್ಳ ಹೊಟ್ಟೆಗೆ ಇರೋದು ಅಷ್ಟೇಯ. ಬಾಯಿ ತೆಗೆಸಿ, ಆಳು ಇಳಿಸಿ ನೋಡಾದೇ ಬ್ಯಾಡ. ಈ ಗುಂಯ್ ಕೇಳಿದ್ರಲ್ಲ, ಅಡಿ ಟೊಳ್ಳಿದ್ರೇನೆ ನೆಲ ಇಂಗೆ ಅದುರಾದು. ಹಗೇವು ತುಂಬಿದ್ದಿದ್ರೆ ರೇಡಿಯೊ ಇಂಗೆ ಕೂಗ್ತಿತ್ತಾ, ನೀವೇ ಏಳಿ.