ಸಾಲೋಮಿಯ ಕ್ಷಮೆ

ಜರಗನಹಳ್ಳಿಯಲ್ಲಿ ಬಸ್ಸು ಹತ್ತಿ ಕೂತ ಗಿರಿಜಾದೇವಿಗೆ ಮುಂದಿನ ಸೀಟಿನವಳ ಗುರುತು ಕೂಡಲೇ ಸಿಕ್ಕಿತು. ಕೊಲೆಯಾದ ಮಾಜಿ ಕಾರ್ಪೊರೇಟರ್ ದೇವಕುಮಾರನ ಹೆಂಡತಿ ಸಾಲೋಮಿ. ಗಂಡನನ್ನು ಮಣ್ಣು ಮಾಡಿದ ದಿನವೇ, ಕೊಂದವನನ್ನು ಕ್ಷಮಿಸಿದ್ದೇನೆಂದು ಟಿ.ವಿ.ಯಲ್ಲಿ ಹೇಳಿದ್ದಳು. ಅದನ್ನು ಕೇಳಿ ಗಿರಿಜಾದೇವಿ ಅತ್ತಿದ್ದರು. ಸಾಲೋಮಿಯ ಪಕ್ಕದಲ್ಲಿ ಅವಳ ಅತ್ತೆ ಕೂತಿದ್ದರು.

"ನಾಳೆ ಕೋರ್ಟಲ್ಲಿ ಕೊಂದೋನು ಅವನೇ ಅಂತ ಹೇಳ್ತೀಯಾ?" ಎಂದರು ಅತ್ತೆ.

"ಹೇಳ್ತೀನಿ. ಕಣ್ಣಾರೆ ನೋಡಿದ್ದೀನಲ್ಲ."

"ಕ್ಷಮಿಸಿದ್ದೀನಿ ಅಂದಿದ್ದೆ?"

"ಯೇಸುಸ್ವಾಮಿ ಕ್ಷಮಿಸು ಅಂದ್ರು ಅತ್ತೆ, ಸುಳ್ಳು ಹೇಳು ಅನ್ಲಿಲ್ಲ."

"ಅವನಿಗೆ ನೇಣಾದ್ರೆ?"

"ಅದು ಬೇಡ ಅಂತ ಜಡ್ಜನ್ನ ಕೇಳ್ಕೋತೀನಿ."

ಮುದುಕಿ ಕಿಟಕಿಯತ್ತ ತಿರುಗಿದರು. "ನಂಗೆ ಆಗ್ಲಿ ಅನ್ಸುತ್ತೆ ಕಣೇ. ಚರ್ಚಲ್ಲಿ ಎಲ್ರೂ ಪ್ರಾರ್ಥನೆ ಹೇಳೋವಾಗ ಕ್ಷಮಿಸೋ ಮಾತು ಬಂದ್ರೆ ಬಾಯಿ ಮುಚ್ಕೋತೀನಿ. ಸತ್ತೋನು ನನ್ನ ಮಗ. ನಿನ್ನ ಥರ ನಂಗಾಗಲ್ಲ."

ಸಾಲೋಮಿ ಅತ್ತೆಯ ಕೈ ಹಿಡಿದುಕೊಂಡಳು. "ನಂಗೂ ಅದು ಒಂದೇ ಸಲಕ್ಕೆ ಮುಗೀಲಿಲ್ಲ ಅತ್ತೆ. ದಿನಾ ಎದ್ದು ಮತ್ತೆ ಮೊದಲಿಂದ ಕ್ಷಮಿಸ್ಬೇಕು."

"ಇವತ್ತು?"

"ಇವತ್ತು ಇನ್ನೂ ಆಗಿಲ್ಲ."

ಬನಶಂಕರಿ ಬಂತು. ಅತ್ತೆ ಸೊಸೆಯ ತೋಳು ಹಿಡಿದು ನಿಧಾನವಾಗಿ ಇಳಿದರು.