ಎಮ್ಮೆಗೆ ಡಾಕ್ಟರ್, ತನಗೆ ಸೆರಗು

ಸ್ನಾನ ಮಾಡುವಾಗ ಎಡ ಎದೆಯಲ್ಲಿ ಕೈಗೆ ಹತ್ತಿದ ಕಡಲೆಕಾಳಿನಷ್ಟು ಗಂಟಿನ ಮಾತನ್ನು ಶಾಂಭವಿ ತನ್ನಲ್ಲೇ ಇಟ್ಟುಕೊಂಡಿದ್ದಳು, ಅವ್ವನಿಗೂ ಹೇಳಿರಲಿಲ್ಲ. ಅಂಥವಳನ್ನೇ ಊರ ಹೆಂಗಸರ ಸಂಘವಾದ ಅಕ್ಕನ ಬಳಗದವರು ಪ್ರವಚನ ಹೇಳಲು ಕೂರಿಸಿದರು. ಮರುದಿನ ಊರ ದವಾಖಾನೆಯಲ್ಲಿ ಸ್ತನ ಕ್ಯಾನ್ಸರ್ ತಪಾಸಣೆಯಿತ್ತು. “ಡಿಗ್ರಿ ಕಲ್ತಾಕಿ, ನೀನ ಹೇಳು” ಎಂದಿದ್ದರು.

ಅವಳು ನೆಲ ನೋಡುತ್ತಲೇ ಶುರುಮಾಡಿದಳು.

“ಒಂದೂರಾಗ ಒಬ್ಬಾಕಿ ಸಾವಕಾರ್ತಿ. ಹಟ್ಟಿ ತುಂಬ ಎಮ್ಮಿ. ನೋಡ್ರಿ, ದಿನಾ ಮುಂಜಾನೆ ಹಿಂಡೂಕಿಂತ ಮೊದಲ ಕೆಚ್ಚಲ ಸವರಿ ನೋಡಾಕಿ. ಎಲ್ಲೆರ ಗಟ್ಟಿ ಹತ್ತಿತೋ, ದನದ ಡಾಕ್ಟರ್ ಅಂಗಳದಾಗ ಹಾಜರ್.”

“ಮತ್ತ, ಹಾಲು ಬ್ಯಾಡೇನ?” ಎಂದಳು ಮುಂದೆ ಕೂತಿದ್ದ ಮುದುಕಿ ಗುರುಸಿದ್ದವ್ವ. ಹೆಂಗಸರೆಲ್ಲ ನಕ್ಕರು.

“ಒಂದಿನ ಆಕಿಗೆ ತನ್ನ ಮೊಲಿಯಾಗ ಗಂಟು ಹತ್ತಿತು. ನೋವಿಲ್ಲಲ್ಲ ಅಂತ ಸುಮ್ಮನಾದ್ಲು. ಎಮ್ಮಿಗೆ ಡಾಕ್ಟರ್. ತನಗ? ಸೆರಗು. ನೋಡ್ರಿ, ಬರೇ ಸೆರಗು.”

ಆಡಲು ಅಂಜಿದ್ದ ‘ಮೊಲಿ’ ಎಂಬ ಮಾತು ಬಾಯಿಂದ ಬಂದೇಬಿಟ್ಟಿತ್ತು. ಯಾರೂ ಕಿವಿ ಮುಚ್ಚಿಕೊಳ್ಳಲಿಲ್ಲ. ಶಾಂಭವಿಯ ದನಿ ತುಸು ಏರಿತು.

“ಮುಂದೊಂದಿನ ದನದ ಡಾಕ್ಟರ್ ಅಂದ್ರು, ‘ಅವ್ವಾರ, ಲಗೂನ ತೋರ್ಸಿದ್ರಿ, ಕೆಚ್ಚಲ ಉಳೀತು.’ ಆಕಿ ಎದಿ ಚುರುಕ್ಕಂತು. ‘ಸಾಹೇಬ್ರ, ನಮ್ಮಂಥವರ ಡಾಕ್ಟರ್ ಎಲ್ಲಿ ಕುಂದರ್ತಾರ?’”

“ಪುಣ್ಯಾಕ ಅವರಿಗೇ ತೋರಿಸ್ಲಿಲ್ಲ” ಎಂದಳು ಗುರುಸಿದ್ದವ್ವ. ನಗು ತಡೆಯಲು ಶಾಂಭವಿಗೂ ಆಗಲಿಲ್ಲ.

“ಹೋದ್ಲು. ಕ್ಯಾನ್ಸರ್ ಇತ್ತು, ಆದ್ರ ಇನ್ನೂ ಸಣ್ಣದಿತ್ತು. ಇಲಾಜ ಆತು. ಈಗ ಆಕಿ ಎಮ್ಮಿಗೆ ಬೈಯೂದು ಓಣಿಗೆಲ್ಲ ಕೇಳತೈತಿ.

“ತಾಯಂದ್ರ, ಆಕಿ ಯಾರು? ನಾವಲ್ಲೇನು? ಎಮ್ಮಿ ಮೈ ಗುರುತೈತಿ, ನಮ್ಮ ಮೈ ಗುರುತಿಲ್ಲ. ನಮ್ಮದು ದಿನಾ ಹೆಂಗಿರ್ತೈತಿ ತಿಳ್ಕೊಳ್ರಿ. ಗಂಟು ಬರಲಿ, ತೊಗಲು ಒಳಗ ಎಳೀಲಿ, ತೊಟ್ಟಿನಿಂದ ರಕ್ತ ಬರಲಿ, ತೋರಿಸ್ರಿ. ನೋವಿಲ್ಲಂತ ಕುಂದರಬ್ಯಾಡ್ರಿ. ಗಂಟೆಲ್ಲಾ ಕ್ಯಾನ್ಸರ್ ಅಲ್ಲ. ಅದನ್ನ ಹೇಳಾಕ ಡಾಕ್ಟರ್ ಬೇಕು, ಬಾಜೂ ಮನಿಯಾಕಿ ಅಲ್ಲ. ತಾಯಿಗೋ ಅಕ್ಕಗೋ ಕ್ಯಾನ್ಸರ್ ಆಗಿದ್ರ ಡಾಕ್ಟರ್ ಮುಂದ ಮುಚ್ಚಿಡಬ್ಯಾಡ್ರಿ. ದಿನಾ ನಡೀರಿ, ಬೊಜ್ಜು ಬೆಳಸಬ್ಯಾಡ್ರಿ, ಕೂಸಿಗೆ ಎದಿಹಾಲು ಕುಡಸ್ರಿ. ಅಪಾಯ ಕಡಿಮಿ ಆಗತೈತಿ. ಇಷ್ಟೆಲ್ಲಾ ಮಾಡಿದಾಕಿಗೂ ಬರಬಹುದು. ಅದಕ್ಕ ತಪಾಸಣಿ, ನೋಡ್ರಿ, ಅದಕ್ಕ.”

“ಎಲ್ಲಾ ಖರೆ ಐತಿ” ಎಂದಳು ಗುರುಸಿದ್ದವ್ವ, ಗಲ್ಲಕ್ಕೆ ಕೈ ಹಚ್ಚಿ. “ನಮಗ ಹೇಳ್ತೀಯಲ್ಲ, ನೀ ನೋಡ್ಕೊಂಡೀಯೇನ ಮಗಳ?”

ಮತ್ತೆ ನಗು. ಮೂರನೆಯ ಸಾಲಿನಲ್ಲಿ ಅವ್ವನೂ ನಗುತ್ತಿದ್ದಳು. ಶಾಂಭವಿ ನೆಲದಿಂದ ಕಣ್ಣೆತ್ತಿ ಅವಳನ್ನೇ ನೋಡಿದಳು.

“ನೋಡ್ಕೊಂಡೀನಿ, ಅಜ್ಜಿ. ಅವ್ವಾ, ನನಗೊಂದು ಗಂಟು ಹತ್ತೇತಿ. ನಾಳೆ ಮೊದಲ ನಾ ತೋರಿಸ್ತೀನಿ. ನನ್ನ ಜೋಡಿ ಬಾ.”