ಸೊನ್ನೆಯಿಂದ ಶುರುವಾದ ಮಗ್ಗಿ

ರಾಜಾನುಕುಂಟೆಯ ಬಸ್ಸಿನಲ್ಲಿ ಕೂತಿದ್ದ ಮುನಿಕೆಂಪಮ್ಮ, ಶಾಲೆಯ ಗೋಡೆಗೆ ತಾವು ಬರೆಸಿದ ಮಗ್ಗಿಯ ಫೋಟೊವನ್ನು ಸೋದರಳಿಯ ಮಹೇಂದ್ರನ ಮುಖಕ್ಕೆ ಹಿಡಿದರು.

“ಸೊನ್ನೆ ಒಂದ್ಲ ಸೊನ್ನೆ, ಸೊನ್ನೆ ಎರಡ್ಲ ಸೊನ್ನೆ. ಮೇಲಿನ ಸಾಲೆಲ್ಲ ಇಂಗೇ ಐತಲ್ಲೋ!”

“ಕಂಪ್ಯೂಟರ್ ಭಾಷೇಲಿ ಒಂದೇ ಸಾಲು ಬರ್ದೆ ಅತ್ತೆ, ಇಡೀ ಮಗ್ಗಿ ಬಂತು. ಆ ಭಾಷೆ ಸೊನ್ನೆಯಿಂದ ಎಣಿಸುತ್ತೆ.”

“ಮಕ್ಳು ಒಂದರಿಂದ ಎಣಿಸ್ತವೆ.”

“ಪೇಂಟರ್ ಆದ್ರೂ ಕೇಳ್ಬಾರ್ದಿತ್ತಾ?”

“ಕೇಳ್ದ. ನಮ್ ಉಡುಗ ಸಾಫ್ಟ್‌ವೇರು, ತಪ್ಪಿರಾಕಿಲ್ಲ ಅಂತ ನಾನೇ ಅಂದೆ.”

ಮಹೇಂದ್ರ ಕಿಟಕಿಯ ಕಡೆ ತಿರುಗಿದ.

“ಅನ್ನೊಂದು ಗಂಟೆಗೆ ಎಡ್ಮೇಷ್ಟ್ರು ಪರದೆ ತೆಗೀತಾರೆ. ನಿಮ್ಮಾವನ ನೆನಪಿನ ಗೋಡೆ ಕಣೋ ಅದು. ಇಪ್ಪತ್ತರ ಮಗ್ಗಿ ನಿದ್ದೇಲೂ ಯೇಳ್ತಿದ್ರು.”

“ಮೇಲಿನ ಸಾಲಿಗೆ ಬಣ್ಣ ಬಳಿದು ಮಾವನ ಹೆಸ್ರು ಬರೆಸೋಣ.”

ಮುನಿಕೆಂಪಮ್ಮ ಫೋಟೊವನ್ನು ಇನ್ನೊಮ್ಮೆ ನೋಡಿದರು.

“ಆಗ್ಲಿ. ಎಡಗಡೇನೂ ಮೇಲಿಂದ ಕೆಳಗಿನ್ ಗಂಟ ಸೊನ್ನೆ ನಿಂತವಲ್ಲ?”

“ಅಲ್ಲಿ ಏನ್ ಬರೆಸೋದು ಅತ್ತೆ?”

“ಅಲ್ಲಿ ಏನೂ ಬರೆಸೋದು ಬ್ಯಾಡ. ನಿನ್ನೇ ನಿಲ್ಲಿಸ್ತೀನಿ, ಅಡ್ಡ. ಫಂಕ್ಷನ್ ಮುಗಿಯೋ ಗಂಟ ಅಲ್ಲಾಡಂಗಿಲ್ಲ.”

ಬಸ್ಸು ನಿಂತಿತು. ಮುನಿಕೆಂಪಮ್ಮ ಮುಂದೆ ಇಳಿದರು. ಮಹೇಂದ್ರ ಆಗಲೇ ಬೆನ್ನು ನೆಟ್ಟಗೆ ಮಾಡಿಕೊಂಡು ಅವರ ಹಿಂದೆ ನಡೆದ.